ಆರು ತಿರುವಿನ ಸ್ವಿಚ್ಚು

ಗಿಟಾರಿನ ಹೊಟ್ಟೆಯೊಳಗೆ ಕೈಹಾಕಿ ಕೂತವನನ್ನು ಮಾತಾಡಿಸಬಾರದು ಎಂದು ನನ್ನ ಹೆಂಡತಿಗೆ ಮದುವೆಯಾದ ಲಾಗಾಯ್ತಿನಿಂದ ಹೇಳುತ್ತ ಬಂದಿದ್ದೇನೆ. ಕೇಳಿದರೆ ತಾನೆ? ನಮ್ಮಿಬ್ಬರದೂ ಒಂದೇ ಅಂಗಡಿ, ನಡುವೆ ಒಂದು ಪರದೆ. ಬೀದಿಯ ಕಡೆಗೆ ಅವಳ ಹೊಲಿಗೆ ಮಿಷನ್ನು, ಹೊಲಿಗೆ ಬಿಚ್ಚಿದ ಪ್ಯಾಂಟುಗಳು, ಇಸ್ತ್ರಿಪೆಟ್ಟಿಗೆ. ಒಳಗಡೆ ನನ್ನ ಮೇಜು, ಬೆಸುಗೆ ಕಡ್ಡಿ, ಗೋಡೆಗೆ ನೇತುಹಾಕಿದ ಗಿಟಾರುಗಳು.

ಅವತ್ತು ಮೇಜಿನ ಮೇಲಿದ್ದದ್ದು ಜುಟ್ಟಿನವನ ಎಲೆಕ್ಟ್ರಿಕ್ ಗಿಟಾರು. ಬ್ಯಾಂಡಿನಲ್ಲಿ ನುಡಿಸುವ ಹುಡುಗ. ಅವನ ಬೇಡಿಕೆಗಳು ಅವನ ಜುಟ್ಟಿಗಿಂತ ಉದ್ದ.

"ದನಿ ಬದಲಾಯಿಸೋಕೆ ಒಂದು ಸ್ವಿಚ್ಚು ಬೇಕು. ತಿರುಗಿಸ್ತಾ ಹೋದ್ರೆ ಆರು ಥರ ಕೇಳ್ಬೇಕು. ಸಂಜೆ ರೆಕಾರ್ಡಿಂಗ್ ಇದೆ, ಅಷ್ಟರಲ್ಲಿ ಮಾಡಿಕೊಡಿ" ಎಂದು ಬೆಳಿಗ್ಗೆಯೇ ತಂದಿಟ್ಟು ಹೋಗಿದ್ದ.

ಇಂಥ ಕೆಲಸ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನನಗಿಂತ ಬೇಗ ಮಾಡುತ್ತಾರೆ, ಗಿರಾಕಿಯ ಜೊತೆ ನಗುನಗುತ್ತ ಮಾತಾಡುತ್ತಾರೆ ಕೂಡ. ಆದರೂ ಜನ ನನ್ನ ಹತ್ತಿರ ಬರುವುದು ನನ್ನ ಕಿವಿಗಾಗಿ. ಯಂತ್ರದ ಹಂಗಿಲ್ಲದೆ ಬರೀ ಕಿವಿಯಲ್ಲಿ ದನಿ ತೂಗುವವನು ಅಂತ ನನಗೆ ಹೆಸರು. ನಮ್ಮ ಹೊಟ್ಟೆ ತುಂಬುವುದೇ ಆ ಹೆಸರಿನಿಂದ.

ಕೆಲಸವೇನೋ ಕೇಳುವುದಕ್ಕೆ ಸುಲಭ. ದುಂಡನೆಯ ಸ್ವಿಚ್ಚು, ಅದರ ಬೆನ್ನಿಗೆ ಸುತ್ತಲೂ ಸಣ್ಣ ಸಣ್ಣ ಕಾಲುಗಳು. ಒಂದೊಂದು ಕಾಲಿಗೆ ಒಂದೊಂದು ಕೆಪಾಸಿಟರ್ ಬೆಸೆಯಬೇಕು. ಕೆಪಾಸಿಟರ್ ದನಿಯ ಚೂಪನ್ನು ತಿಂದುಹಾಕುತ್ತದೆ. ಚಿಕ್ಕದು ಒಂದು ಚೂರು, ದೊಡ್ಡದು ಬಾಚಿ ಬಾಚಿ. ಮೊದಲ ತಿರುವಿಗೆ ಏನೂ ಇಲ್ಲ, ದನಿ ಪೂರ್ತಿ ಬಿಚ್ಚಿಕೊಂಡಿರುತ್ತದೆ. ಕೊನೆಯದರಲ್ಲಿ ಕಂಬಳಿ ಹೊದ್ದವನು ಮಾತಾಡಿದ ಹಾಗಿರುತ್ತದೆ.

ಬೆಸೆದು ಮುಗಿಸಿ ಆಂಪ್ಲಿಫೈಯರಿಗೆ ಜೋಡಿಸಿದರೆ ಎಲ್ಲ ಉಲ್ಟಾ. ಮೊದಲನೆಯ ತಿರುವಿನಲ್ಲೇ ಕಂಬಳಿ! ಸ್ವಿಚ್ಚನ್ನು ಬೆನ್ನ ಕಡೆಯಿಂದ ನೋಡಿಕೊಂಡು ಬೆಸೆದಿದ್ದೆ. ಮುಂದಿನಿಂದ ಬಲಕ್ಕೆ ತಿರುಗುವುದು ಹಿಂದಿನಿಂದ ನೋಡಿದರೆ ಎಡಕ್ಕೆ ತಾನೆ ತಿರುಗುವುದು? ಉಲ್ಟಾ ಬೆಸೆದೆನಲ್ಲ, ಇಷ್ಟು ವರ್ಷದ ಅನುಭವಕ್ಕೆ ಮಣ್ಣು ಹಾಕ ಎಂದು ಜೋರಾಗಿಯೇ ಬೈದುಕೊಂಡೆ.

"ನಾನೂ ಕೆಲಸ ಕಲಿಯೋವಾಗ ಬಲಗಡೆ ತೋಳನ್ನ ಎಡಗಡೆಗೆ ಹಚ್ಚಿದ್ದೆ, ಬಿಡಿ" ಎಂದಳು ನನ್ನವಳು ಪರದೆಯಾಚೆಯಿಂದ.

"ನಿನ್ನನ್ನ ಯಾರು ಕೇಳಿದ್ರು? ಸಂಜೆವರೆಗೂ ಬಾಯ್ಮುಚ್ಕೊಂಡು ಹೊಲಿ."

ಎಲ್ಲ ಬಿಚ್ಚಿ ಮತ್ತೆ ಬೆಸೆದೆ. ಹೆಬ್ಬೆರಳು ಸುಟ್ಟುಕೊಂಡೆ. ಈಗ ಕೊನೆಯ ಮೂರು ತಿರುವು ನೆಟ್ಟಗಾದವು. ಆದರೆ ಒಂದು, ಎರಡು, ಮೂರು? ಜಪ್ಪಯ್ಯ ಅಂದರೂ ಬೇರೆ ಬೇರೆ ಕೇಳಲೊಲ್ಲವು. ತಿರುಗಿಸಿದರೆ ಸ್ವಿಚ್ಚು ಟಕ್ ಅನ್ನುತ್ತದೆ, ದನಿ ಮಾತ್ರ ಜಗ್ಗುವುದಿಲ್ಲ. ಬೆಸುಗೆ ಹಿಡಿದಿಲ್ಲವೇನೋ ಎಂದು ಮತ್ತೆ ಕಾಯಿಸಿದೆ. ತಂತಿ ಬದಲಾಯಿಸಿದೆ. ನೆಲಕ್ಕೆ ಜಾರಿದ ತಿರುಪನ್ನು ಹುಡುಕುತ್ತ ಮೇಜಿನ ಕೆಳಗೆ ತಲೆ ಕುಟ್ಟಿಸಿಕೊಂಡೆ. ತಂತಿ ಮೀಟಿ ನೋಡಿದರೆ ಮೂರೂ ಅಚ್ಚು ಹೊಡೆದ ಹಾಗೆ ಒಂದೇ. ನನ್ನ ಪಿತ್ತ ನೆತ್ತಿಗೇರಿತು.

ಇದು ಬಿಡಿಭಾಗದ ಅಂಗಡಿಯವನ ಕಿತಾಪತಿಯೇ ಸರಿ ಅನ್ನಿಸಿತು. ಕೆಪಾಸಿಟರುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡು ನಡೆದೆ. ಗಲ್ಲಾದ ಮುಂದೆ ಗಿರಾಕಿಗಳ ಎದುರಿಗೇ ಅವನ ಜನ್ಮ ಜಾಲಾಡಿದೆ. ಅವನು ಮೀಟರು ತೆಗೆದು ಒಂದೊಂದನ್ನೇ ಅಳೆದು ತೋರಿಸಿದ. ಮೈಮೇಲೆ ಬರೆದದ್ದಕ್ಕೂ ಮೀಟರು ಹೇಳಿದ್ದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ.

"ಮಾಲಲ್ಲಿ ಐಬಿಲ್ಲ ಸಾರ್. ನಿಮ್ ಕಡೆನೇ ಎಲ್ಲೋ ಎಡವಟ್ಟಾಗಿದೆ ನೋಡಿ" ಎಂದ.

ಮುಖ ಗಂಟು ಹಾಕಿಕೊಂಡು ವಾಪಸು ಬಂದೆ. ಮತ್ತೆ ಬೆಸೆದೆ, ಮತ್ತೆ ಮೀಟಿದೆ. ಒಂದು. ಎರಡು. ಮೂರು. ಅದೇ. ಸಿಟ್ಟಿಗೆ ಮೇಜು ಗುದ್ದಿದ್ದಕ್ಕೆ ಬೆಸುಗೆ ಕಡ್ಡಿ ಹಾರಿ ಕೆಳಗೆ ಬಿತ್ತು.

"ಇನ್ನೇನ್ರೀ ಆಯ್ತು? ಸರಿಯಾಗೇ ಇದೆಯಲ್ಲ!" ಎಂದಳು ಅವಳು.

"ಏನು ಸರಿಯಾಗಿರೋದು? ಮೂರೂ ಒಂದೇ ಥರ ಬಡ್ಕೋತಿವೆ!"

"ಒಂದೇ ಥರ ಎಲ್ಲಿದೆ? ಮೊದಲನೇದು ಕಿವಿಗೆ ಸೂಜಿ ಚುಚ್ಚಿದಂಗಿದೆ. ಎರಡನೇದು ಸ್ವಲ್ಪ ಮೆತ್ತಗೆ. ಮೂರನೇದು ಇನ್ನೂ ಮೆತ್ತಗೆ."

ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಇವಳ ಬಣ್ಣ ಬಯಲು ಮಾಡೋಣವೆಂದು ಪರದೆ ಪೂರ್ತಿ ಎಳೆದೆ. ಟಕ್ ಅನ್ನುವುದು ಕೇಳಿಸದಂತೆ ಸ್ವಿಚ್ಚನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಮೂರಕ್ಕೆ ತಿರುಗಿಸಿ ಮೀಟಿದೆ.

"ಮೂರು" ಎಂದಳು.

ಒಂದಕ್ಕೆ ತಿರುಗಿಸಿದೆ.

"ಒಂದು."

ತಿರುಗಿಸದೆ ಸುಮ್ಮನೆ ಮತ್ತೊಮ್ಮೆ ಮೀಟಿದೆ.

"ಅದೇ ಒಂದು. ನೀವು ತಿರುಗಿಸ್ಲೇ ಇಲ್ಲ."

ಎರಡಕ್ಕೆ ತಂದೆ. ಅದನ್ನೂ ಹೇಳಿದಳು. ಹೇಗೆ ಹೇಗೋ ತಿರುಗಿಸಿ ನೋಡಿದೆ, ಒಂದೇ ಒಂದು ಸಲವೂ ತಪ್ಪಲಿಲ್ಲ. ಪರದೆಯ ಈಚೆ ನನಗೆ ಎಲ್ಲವೂ ಒಂದೇ.

ಅವಳು ಮಿಷನ್ನು ಬಿಟ್ಟೆದ್ದು ಬಂದು ಪರದೆ ಸರಿಸಿದಳು. ನನ್ನ ಮುಖ ನೋಡಿದ್ದೇ ಅವಳ ನಗು ಇಳಿಯಿತು. "ಮೊನ್ನೆ ಮೊಬೈಲು ನಿಮ್ ಪಕ್ಕದಲ್ಲೇ ಕೂಗ್ಕೊಳ್ತಿತ್ತು, ನೀವು ಎತ್ತಲೇ ಇಲ್ಲ. ನನ್ ಮೇಲಿನ ಕೋಪಕ್ಕೆ ಅಂದ್ಕೊಂಡಿದ್ದೆ" ಎಂದಳು.

ವರ್ಷಗಟ್ಟಲೆ ದಿನವಿಡೀ ಆಂಪ್ಲಿಫೈಯರಿನ ಬಾಯಿಗೆ ಕಿವಿ ಕೊಟ್ಟು ಕೂತದ್ದರ ಫಲ ಇದ್ದೀತು. ಕಿವಿ ಯಾವಾಗ ಹೋಯಿತೋ, ಎಷ್ಟು ಹೋಯಿತೋ, ಈ ದರಿದ್ರ ಸ್ವಿಚ್ಚು ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅಳು ಬರುವ ಹಾಗಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಸ್ವಿಚ್ಚನ್ನು ಕಿತ್ತು ಬೀದಿಗೆ ಎಸೆಯಬೇಕು ಅನ್ನಿಸಿತು.

ಅಷ್ಟರಲ್ಲಿ ಜುಟ್ಟಿನವನು ಬಂದುಬಿಟ್ಟ. ಅವಳು ಏನೂ ಆಗದವಳಂತೆ ತನ್ನ ಕಡೆಗೆ ಹೋಗಿ ಮಿಷನ್ನು ತುಳಿಯತೊಡಗಿದಳು. ಹುಡುಗ ಗಿಟಾರು ಹೆಗಲಿಗೇರಿಸಿ, ತಿರುಗಿಸಿ ತಿರುಗಿಸಿ ನುಡಿಸಿದ. ಅವನ ಮುಖ ಅರಳಿತು.

"ಅಬ್ಬಾ, ಈ ಮೊದಲನೇ ಮೂರರ ನಡುವೆ ಎಷ್ಟು ನಾಜೂಕಾಗಿ ಮಾಡಿದೀರಿ! ಸುಮ್ನೆ ಅಲ್ಲ ನಿಮ್ ಕಿವಿ ಬಗ್ಗೆ ಜನ ಹೇಳೋದು. ಇವತ್ತಿನ ಹಾಡಿಗೆ ಎರಡನೇದು ಇಟ್ಕೊಳ್ಲಾ, ಮೂರನೇದಾ? ನೀವೇ ಹೇಳಿ."

ಎರಡನೆಯದು ಅಂದರೂ ನಡೆಯುತ್ತಿತ್ತು, ಮೂರನೆಯದು ಅಂದರೂ ನಡೆಯುತ್ತಿತ್ತು. ಅವನು ಕಣ್ಣುಮುಚ್ಚಿ ನಂಬುತ್ತಿದ್ದ. ಸುಳ್ಳು ನಾಲಗೆಯ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಪರದೆಯಾಚೆ ಮಿಷನ್ನಿನ ಸದ್ದು ನಿಂತಿತ್ತು. ಅವಳು ಕೇಳಿಸಿಕೊಳ್ಳುತ್ತಿದ್ದಳು.

"ಅವಳನ್ನ ಕೇಳಪ್ಪ" ಎಂದೆ. "ನನಗೆ ಆ ಮೂರೂ ಒಂದೇ ಥರ ಕೇಳುತ್ತೆ."

ಜುಟ್ಟಿನವನು ತಮಾಷೆ ಅಂದುಕೊಂಡು ಗಹಗಹಿಸಿ ನಕ್ಕ. ನಾನು ನಗದಿದ್ದುದನ್ನು ಕಂಡು ನಗುವನ್ನು ಅರ್ಧಕ್ಕೇ ನುಂಗಿದ. ಗಿಟಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅವಳು ಕುತ್ತಿಗೆಯಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದು ನನ್ನ ಪಕ್ಕದಲ್ಲಿ ನಿಂತಳು.

"ಇನ್ನೊಂದ್ಸಲ ನುಡಿಸು" ಎಂದಳು ಅವನಿಗೆ.

ನುಡಿಸಿದ. ನಾನು ಗಿಟಾರಿನ ಕಡೆ ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ. ಎರಡರಿಂದ ಮೂರಕ್ಕೆ ತಿರುಗಿಸಿದಾಗ ಅವಳ ಗಂಟಿಕ್ಕಿದ ಹುಬ್ಬು ತುಸುವೇ ಸಡಿಲವಾಯಿತು. ಬೆಳಗಿನಿಂದ ನಾನು ಹುಡುಕಿ ಹುಡುಕಿ ಸತ್ತ ವ್ಯತ್ಯಾಸ ಕೊನೆಗೂ ಕಂಡಿತು.