ದಿಲ್ಲಿಯ ಬಾಗಿಲಲ್ಲಿ ಉಳಿದ ಜೋಡಿ

ನಾನು ಒಂದು ಜೋಡಿ ಚಪ್ಪಲಿ. ಜನ ಕೊಲ್ಹಾಪುರಿ ಎನ್ನುತ್ತಾರೆ, ಹುಟ್ಟಿದ್ದು ಅಥಣಿಯಲ್ಲಿ. ಗಂಡ ತೊಗಲು ಕೊಯ್ದ, ಹೆಂಡತಿ ಹೆಣಿಗೆ ಹಾಕಿದಳು. ಎಡ, ಬಲ ಎಂದು ಇಬ್ಬರಿದ್ದರೂ ನಮ್ಮ ಚಿಂತೆ ಒಂದೇ. ಆದ್ದರಿಂದ ‘ನಾನು’ ಎನ್ನುತ್ತೇನೆ.

ಮೊದಲು ನನ್ನನ್ನು ಮೆಟ್ಟಿದವನು ಒಬ್ಬ ಮದುಮಗ. ಊಟದ ಪಂಕ್ತಿ ಏಳುವುದರೊಳಗೆ ನಾನು ಅವನ ಕಾಲು ಕಚ್ಚಿಬಿಟ್ಟೆ. ಹೊಸ ತೊಗಲಿನ ಗುಣವೇ ಹಾಗೆ, ಆದರೂ ಮನಸ್ಸಿಗೆ ಪಿಚ್ಚೆನಿಸಿತು. ಅವನು ನನ್ನನ್ನು ಕಳಚಿ ತನ್ನ ಸೋದರತ್ತೆ ನೀಲಾಂಬಿಕೆಯ ಮುಂದಿಟ್ಟ.

“ನೀವs ಹಾಕ್ಕೊಳ್ರಿ ಅತ್ತಿ. ನಿಮಗ ಕಚ್ಚಿದ್ರೂ ತಿಳಿಯೂದಿಲ್ಲ!”

ಎಲ್ಲರೂ ನಕ್ಕರು. ಮಾತು ಮಾತ್ರ ನಿಜ. ಸಕ್ಕರೆ ಕಾಯಿಲೆಯಿಂದ ನೀಲಾಂಬಿಕೆಯ ಪಾದ ಮರಗಟ್ಟಿತ್ತು. ‘ಬರಿಗಾಲಲ್ಲಿ ನಡೀಬ್ಯಾಡ್ರಿ, ಗಾಯ ಆದ್ರ ಕಾಲs ಹೋದೀತು’ ಎಂದು ಡಾಕ್ಟರು ಹೇಳಿದ್ದರು. ಮೆತ್ತನೆಯ ಬೂಟು ಹಾಕಿಕೊಳ್ಳಿ ಎಂದೂ ಹೇಳಿದ್ದರು. ಆಕೆ ಕೇಳಲಿಲ್ಲ, ನನ್ನನ್ನೇ ಮೆಟ್ಟಿದಳು. ನನ್ನ ತಳ ಮೆತ್ತಗಿಲ್ಲ. ಈ ಕೆಲಸಕ್ಕೆ ನಾನು ತಕ್ಕವನೇ ಎಂದು ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳುತ್ತಿದ್ದೆ. ಕಲ್ಲು ಸಿಕ್ಕಿದರೆ ಅದು ನನಗೇ ಚುಚ್ಚಲಿ ಎನ್ನುತ್ತಿದ್ದೆ.

ಒಂದು ವೈಶಾಖದಲ್ಲಿ ನಾದಿನಿ ಮಹಾನಂದೆ ಆಕೆಯನ್ನು ದಿಲ್ಲಿಗೆ ಕರೆದೊಯ್ದಳು. ಮಹಾನಂದೆ ಇತಿಹಾಸ ಕಲಿಸಿ ನಿವೃತ್ತಳಾದವಳು. ಆಟೋ ಕಂಡರೆ ಮುಖ ತಿರುಗಿಸುವಳು.

“ನಡದು ನೋಡಿದ್ರನs ಊರು ತಿಳೀತದ, ವೈನಿ!”

“ನಿನಗ ಊರು ತಿಳಿಯೂದ್ರಾಗ ನನ್ನ ಹೆಣ ಬೀಳ್ತದ ನೋಡವಾ,” ಎನ್ನುತ್ತಾ ನೀಲಾಂಬಿಕೆ ಹಿಂದೆ ನಡೆಯುವಳು. ಕೆಂಪು ಕೋಟೆ, ಗೋರಿಗಳು, ಮತ್ತೆ ಗೋರಿಗಳು. ಮಹಾನಂದೆ ಯಾವಾಗಲೂ ಮುಂದೆ, ಕಣ್ಣು ಗುಮ್ಮಟದ ಮೇಲೆ.

ಆಮೇಲೆ ಒಂದು ವಸ್ತುಸಂಗ್ರಹಾಲಯ. ಶಿಲ್ಪಗಳ ಕೋಣೆಯ ಬಾಗಿಲಲ್ಲಿ ನೀಲಾಂಬಿಕೆ ಗಕ್ಕನೆ ನಿಂತಳು. ಎದುರಿಗೆ ಕರಿಕಲ್ಲಿನ ಈಶ್ವರ. ಆಕೆ ನನ್ನನ್ನು ಕಳಚಿ ಗೋಡೆಗೆ ಒತ್ತಿ ಇಟ್ಟಳು.

“ವೈನಿ, ಇದೇನು ಗುಡಿ ಏನ್ರಿ? ಮ್ಯೂಸಿಯಂ!”

“ಗುಡಿ ಬಿಟ್ಟು ಬಂದಾನಂತ ದೇವರು ದೇವರಲ್ಲೇನು? ಪಾಪ, ಪೂಜಿ ಇಲ್ಲ, ಪುನಸ್ಕಾರ ಇಲ್ಲ. ಅದರ ಮ್ಯಾಲ ನಾನು ಚಪ್ಪಲಿ ಹಾಕ್ಕೊಂಡು ಹೋಗ್ಲೇನು?”

ಒಳಗೆ ನೆಲ ತಣ್ಣಗಿತ್ತು. ನಾನು ನಿಶ್ಚಿಂತೆಯಿಂದ ಕಾದೆ. ಹೊರಬರುವ ಬಾಗಿಲು ಇನ್ನೊಂದು ಕಡೆ ಇದೆಯೆಂದು ನನಗೆ ಗೊತ್ತಿರಲಿಲ್ಲ. ಎಷ್ಟೋ ಬೂಟುಗಳು ಬಂದವು, ಹೋದವು. ಆಕೆ ಬರಲಿಲ್ಲ. ಕಾವಲುಗಾರ ಕಾಲಿನ ತುದಿಯಿಂದ ನನ್ನನ್ನು ಬಾಗಿಲ ಹಿಂದಕ್ಕೆ ಸರಿಸಿದ. ಆಗ ಹೊಳೆಯಿತು: ಕಾಲಲ್ಲಿ ನಾನಿಲ್ಲ ಎಂಬುದು ಆ ಕಾಲಿಗೆ ತಿಳಿಯುವುದೇ ಇಲ್ಲ. ಹೊರಗೆ ಬಿಸಿಲಿಗೆ ಕಲ್ಲು ಕಾದಿದೆ. ಹೊಸ್ತಿಲ ಆಚೆ ಒಂದು ಗೇಣು ಹೋಗಲೂ ನನ್ನಿಂದಾಗದು. ಇನ್ನೊಬ್ಬರ ಪಾದವಿಲ್ಲದೆ ನಾನು ಯಾರು?

ಬಿಸಿಲು ಇಳಿಯುವ ಹೊತ್ತಿಗೆ ಮಹಾನಂದೆ ಓಡಿ ಬಂದಳು, ಒಬ್ಬಳೇ. ಎಂದೂ ಬಗ್ಗದ ಹೆಂಗಸು ನೆಲಕ್ಕೆ ಕೂತು, ಇನ್ನೊಬ್ಬರ ಚಪ್ಪಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. “ನಾ ಒಂದು ಸಲ ಹಿಂದ ನೋಡಿದ್ರ ಆಗ್ತಿತ್ತು,” ಎಂದು ದಾರಿಯುದ್ದಕ್ಕೂ ಗೊಣಗಿದಳು. ಮ್ಯೂಸಿಯಂನಿಂದ ಇಬ್ಬರೂ ಹಳೆಯ ಕೋಟೆಗೆ ಹೋಗಿದ್ದರು, ಅಲ್ಲಿನ ಹಾಸುಗಲ್ಲಿನ ಮೇಲೆಲ್ಲ ಅತ್ತಿಗೆ ಬರಿಗಾಲಲ್ಲಿ ನಡೆದಿದ್ದಳು. ನೆರಳಿಗೆ ಕೂತಾಗಲಷ್ಟೇ ಇಬ್ಬರೂ ಅಂಗಾಲು ನೋಡಿದ್ದರು. ಆಸ್ಪತ್ರೆಯಲ್ಲಿ ಆ ಪಾದಗಳನ್ನು ಕಂಡೆ. ಸುಟ್ಟ ಹಪ್ಪಳದಂತೆ ಬೊಬ್ಬೆ ಎದ್ದಿದ್ದವು.

“ಅಳಬ್ಯಾಡ ಮಾನಂದಾ, ನನಗೇನೂ ನೋಯಂಗಿಲ್ಲ,” ಎಂದಳು ನೀಲಾಂಬಿಕೆ.

“ಅದಕ್ಕs ಅಳಾಕತ್ತೀನ್ರಿ.”

ಮಳೆಗಾಲ ಮುಗಿದರೂ ಪಟ್ಟಿ ಬಿಚ್ಚಿರಲಿಲ್ಲ. ಕಾಲು ಹೋಗುತ್ತದೆ ಎಂದರು, ಹೋಗುವುದಿಲ್ಲ ಎಂದರು. ಕೊನೆಗೆ ಎರಡೂ ಉಳಿದವು. ಆದರೆ ನನ್ನ ತಳಕ್ಕೆ ಅವು ಮರಳಲಿಲ್ಲ. ಮೆತ್ತನೆಯ ಬೂಟು ಬಂತು. ಮೊದಲೇ ಬರಬೇಕಿತ್ತು ಎಂದು ನನಗೂ ಅನಿಸುತ್ತದೆ.

ಈಗ ಬಾಗಿಲ ಮೂಲೆಯಲ್ಲಿದ್ದೇನೆ. ಹೆಣಿಗೆ ಸಡಿಲಾಗಿದೆ, ತೊಗಲು ಸೆಟೆದಿದೆ. ಮಹಾನಂದೆ ಪ್ರತಿ ಸಂಜೆ ಅತ್ತಿಗೆಯನ್ನು ನಡೆಸಲು ಬರುತ್ತಾಳೆ. ಈಗ ಹಿಂದೆ ನಡೆಯುವವಳು ಮಹಾನಂದೆಯೇ. ನೀಲಾಂಬಿಕೆ ಹೊಸ್ತಿಲು ದಾಟುವಾಗ ನನ್ನ ಜೀವ ಹಾರುತ್ತದೆ. ಕಾಲಲ್ಲಿ ಏನಾದರೂ ಇದೆಯೇ?

ಇದೆ. ಆದರೂ ಆಕೆ ಮರಳುವವರೆಗೆ ನನಗೆ ನಿದ್ದೆಯಿಲ್ಲ.