ಎಲ್ವುಡ್ ಬರೆದ ಶಿಫಾರಸು ಪತ್ರ

ಅಯೋವಾದ ಚಳಿಗಾಲದಲ್ಲಿ ನನ್ನ ಗಂಡ, ಪ್ರೊಫೆಸರ್ ಎಲ್ವುಡ್ ಥಾರ್ಪ್, ದೇವರ ಪಾದ ಸೇರಿದರು. ಬೇಸಿಗೆಯಲ್ಲಿ ಅವರ ಶಿಷ್ಯೆ ಕೊರಿನ್ ಮುಖ ಬಾಡಿಸಿಕೊಂಡು ಬಂದಳು.

"ಮಿಸೆಸ್ ಥಾರ್ಪ್, ಮೆಡಿಕಲ್ ಕಾಲೇಜಿಗೆ ಮತ್ತೆ ಅರ್ಜಿ ಹಾಕ್ತಿದೀನಿ. ಪ್ರೊಫೆಸರ್ ಕೊಟ್ಟ ಪತ್ರ ಮೂರು ವರ್ಷ ಹಳೇದು, ಹೊಸದು ಬೇಕಂತೆ. ಈಗ ಯಾರ ಹತ್ರ ಬರೆಸಲಿ?"

"ಸ್ವರ್ಗಕ್ಕೆ ಅಂಚೆ ಇಲ್ವಲ್ಲೇ ಹುಡುಗಿ!"

ಅವಳು ಹೋದ ಮೇಲೆ, ಎಲ್ವುಡ್ ತಮ್ಮ ಮೇಜಿನಲ್ಲಿ ಗುಟ್ಟಾಗಿ ಇಟ್ಟುಕೊಂಡಿದ್ದ ಆ ಹಳೆಯ ಪತ್ರದ ಪ್ರತಿಯನ್ನು ಓದಿದೆ: 'ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ಬಹಳ ಒಡೆಯುತ್ತಾಳೆ, ಆದರೆ ಒಡೆದದ್ದನ್ನು ಒಮ್ಮೆಯೂ ಮುಚ್ಚಿಟ್ಟವಳಲ್ಲ.'

ಕಾಲೇಜಿಗೆ ನಾನೇ ಬರೆದೆ: 'ನನ್ನ ಗಂಡ ಬದುಕಿದ್ದಾಗಲೇ ಅಭಿಪ್ರಾಯ ಬದಲಿಸಿದವರಲ್ಲ. ಈಗಂತೂ ಬದಲಿಸಲಾರರು. ದಯವಿಟ್ಟು ಹಳೆಯ ಪತ್ರವನ್ನೇ ಒಪ್ಪಿಕೊಳ್ಳಿ.'

ಸಂದರ್ಶನಕ್ಕೆ ಕರೆ ಬಂತು. ಸಂಭ್ರಮದಲ್ಲಿ ಓಡಿಬಂದ ಕೊರಿನ್, ಎಲ್ವುಡ್ ಅವರ ಕಾಫಿ ಬಟ್ಟಲನ್ನು ಬೀಳಿಸಿ ಒಡೆದಳು.

"ನಾನೇ ಒಡೆದೆ, ಮಿಸೆಸ್ ಥಾರ್ಪ್!"

ನಾನು ಅಳುತ್ತಲೇ ನಕ್ಕೆ. ಪತ್ರ ಇನ್ನೂ ಹಳತಾಗಿರಲಿಲ್ಲ.