ಎಡಗೈಯವನ ಚಕ್ಕೆಗಳು

ಮುತ್ತವ್ವ ಎರಡನೆಯ ಏಟಿಗೇ ಬೆಣಚುಕಲ್ಲನ್ನು ಸೀಳಿದಳು. ಬಿದ್ದ ಚಕ್ಕೆಯನ್ನು ಬಸವರಾಜೇಶ್ವರಿಯವರು ಎತ್ತಿ ತಿರುಗಿಸಿ ನೋಡಿದರು. ಇಂಥವೇ ಮುನ್ನೂರ ಹನ್ನೆರಡು ಚಕ್ಕೆಗಳು ಬಸವೇಶ್ವರನಗರದ ಅವರ ಮನೆಯ ಮಂಚದಡಿ, ಮೈಮೇಲೆ ನಂಬರು ಬರೆಸಿಕೊಂಡು, ಹತ್ತಿಯಲ್ಲಿ ಮಲಗಿದ್ದವು. ಅವು ಶಿಲಾಯುಗದ ಮನುಷ್ಯ ಒಡೆದವು, ಅವಕ್ಕೆ ನಲವತ್ತು ಸಾವಿರ ವರ್ಷ ವಯಸ್ಸೆಂದು ವಾದಿಸಿ ಅವರು ಪಿಎಚ್.ಡಿ. ಮಾಡಿದ್ದರು.

ರಾಜಾಜಿನಗರದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಅವರು ಕೆಂಗೇರಿಯಾಚೆಯ ಈ ದಿಬ್ಬ ಹತ್ತಲು ತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು. ಅವರ ಮಾತನ್ನು ನಂಬಿದವರು ಕಡಿಮೆ. ಸ್ವಂತ ಗೈಡೇ ಹಟಮಾರಿ ಹೆಂಗಸೆಂದು ಆಡಿಕೊಂಡಿದ್ದರು. ಈಗ, 2005ರ ಡಿಸೆಂಬರಿನಲ್ಲಿ, ದಿಬ್ಬದ ಅರ್ಧವನ್ನು ಲೇಔಟಿನ ಜೆಸಿಬಿ ತಿಂದು ಮುಗಿಸಿತ್ತು. ಪುಣೆಯಲ್ಲಿ ನೆಲೆಸಿದ್ದ ಪುರಾತತ್ವದ ಪ್ರೊಫೆಸರ್ ಗುರುಬಸಪ್ಪ ಇವತ್ತು ಬಂದು ನೋಡಿ ಹೂಂ ಎಂದರೆ ಮಾತ್ರ ಉಳಿದರ್ಧ ಉಳಿಯುತ್ತಿತ್ತು, ಮಣ್ಣಿನ ವಯಸ್ಸು ಅಳೆಸಬಹುದಿತ್ತು. ತಾವು ಅಗೆಸಿದ್ದ ಗುಂಡಿಯ ಅಂಚು ಸವರಿಕೊಡಲು ಲೇಔಟಿನ ಕಾವಲಿಗಿದ್ದ ಮುತ್ತವ್ವನನ್ನು ಕರೆದದ್ದೇ ತಪ್ಪಾಯಿತು. ಅವಳು ಚಕ್ಕೆಯೊಂದನ್ನು ಕಂಡು ನಕ್ಕು, ಇದು ನಾವು ಒಡೆದದ್ದು ಅಂದುಬಿಟ್ಟಿದ್ದಳು.

"ಮೂವತ್ತು ವರ್ಷದ ಹಿಂದ ರಂಗೋಲಿ ಪುಡಿ ಮಿಲ್ಲಿಗೆ ಒಡೀತಿದ್ವಿ ಅಕ್ಕಾರ. ಸುತ್ತಿಗಿ ಮುಟ್ಟಸಂಗಿಲ್ಲ, ಪುಡಿಗೆ ಕಬ್ಬಿಣದ ಕರಿ ಬೀಳ್ತದಂತ ಮಿಲ್ಲಿನವ್ರು ಬೈತಿದ್ರು. ಗುಂಡಗಲ್ಲಿಂದನ ಹೊಡೀಬೇಕು."

ಹಾಗಾದರೆ ಚಕ್ಕೆಗಳು ನಾಲ್ಕಡಿ ಆಳಕ್ಕೆ ಹೋದದ್ದು ಹೇಗೆ? ಮುತ್ತವ್ವನ ಬಳಿ ಅದಕ್ಕೂ ಉತ್ತರವಿತ್ತು. ಮಿಲ್ಲಿನವರು ಒಲ್ಲೆ ಎನ್ನುತ್ತಿದ್ದ ಕಲೆ ಹಿಡಿದ ಚಕ್ಕೆಗಳನ್ನು ಕಲ್ಲು ತೆಗೆದ ತಗ್ಗಿಗೇ ಎಸೆಯುತ್ತಿದ್ದರಂತೆ. ಕೆಲಸ ಮುಗಿದಾಗ ದನ ಬಿದ್ದೀತೆಂದು ಹೊಲದ ಮಾಲೀಕ ಗರಸು, ಕೆಮ್ಮಣ್ಣು ಹಾಕಿಸಿ ಮುಚ್ಚಿಸಿದನಂತೆ. ಅವಳು ಊರ ಸುದ್ದಿ ಹೇಳುವಷ್ಟು ಸಲೀಸಾಗಿ ಹೇಳುತ್ತಿದ್ದಳು. ಇವರ ಪ್ರಬಂಧದ ಒಂದೊಂದೇ ಅಧ್ಯಾಯ ನೆಲಕಚ್ಚುತ್ತಿತ್ತು.

ಐದನೆಯದು ಮಾತ್ರ ಉಳಿದಿತ್ತು. ಚಕ್ಕೆಗಳ ಓರೆ ನೋಡಿ, ಇವನ್ನೆಲ್ಲ ಮಾಡಿದವನು ಒಬ್ಬನೇ, ಅವನು ಎಡಗೈಯವನು ಎಂದು ಬರೆದ ಅಧ್ಯಾಯ. ಮುತ್ತವ್ವ ಹೊಡೆದದ್ದು ಬಲಗೈಯಲ್ಲಿ. ಅವಳ ಚಕ್ಕೆಯ ಓರೆ ಇನ್ನೊಂದು ಕಡೆಗಿತ್ತು. ಮುಳುಗುವವರಿಗೆ ಅಷ್ಟು ಸಾಕು. ಆದರೆ ಎಲ್ಲ ನೀವೇ ಒಡೆದದ್ದಾ ಎಂದು ಆಸೆಯಿಂದ ಕೇಳಿದ್ದಕ್ಕೆ ಮುತ್ತವ್ವ ಇಲ್ಲವೆಂದು ತಲೆಯಾಡಿಸಿದಳು.

"ನಾ ಕಲ್ಲು ಹೊರಾಕಿ ಅಷ್ಟರಿ. ಒಡೀತಿದ್ದವ ನಮ್ಮ ಮನಿಯವ, ಭರಮಪ್ಪ. ಅವ ಎಡಚ ಇದ್ದ."

ಬಸವರಾಜೇಶ್ವರಿ ಗುಂಡಿಯ ಅಂಚಿನಲ್ಲಿ ಕೂತರು. ಕೆಳಗೆ ಮೈಸೂರು ರಸ್ತೆಯಲ್ಲಿ ಬಸ್ಸುಗಳು ಎಂದಿನಂತೆ ಓಡುತ್ತಿದ್ದವು. ಐವತ್ತೆರಡನೆಯ ವಯಸ್ಸಿನಲ್ಲಿ ಹೊಸದಾಗಿ ಶುರುಮಾಡಲು ಏನೂ ಇರಲಿಲ್ಲ. ನಾಚಿಕೆ ಬಿಟ್ಟು ಅವರು ಮುತ್ತವ್ವನ ಕೈ ಹಿಡಿದುಕೊಂಡರು.

"ಇವತ್ತೊಂದು ದಿನ ಇದನ್ನ ಯಾರ ಹತ್ರಾನೂ ಹೇಳ್ಬೇಡಿ ಮುತ್ತವ್ವಾ. ನಿಮ್ಮ ಕಾಲಿಗೆ ಬೀಳ್ತೀನಿ."

ಮುತ್ತವ್ವ ಗಾಬರಿಯಾಗಿ ಕೈ ಬಿಡಿಸಿಕೊಂಡಳು. ನನ್ನನ್ನು ಯಾರು ಕೇಳುತ್ತಾರೆ, ಹೇಳುವುದಿಲ್ಲ ಅಂದಳು. ಆಮೇಲೆ ತಾನೂ ಪಕ್ಕದಲ್ಲಿ ಕುಕ್ಕರಿಸಿ, ಅವನು ಎಡಚ ಅನ್ನುವುದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಕಲ್ಲು ಹೇಳುತ್ತದೆ ಅಂದರು ಇವರು.

"ಮತ್ತೇನ ಹೇಳ್ತದರಿ?"

ಐದನೆಯ ಅಧ್ಯಾಯ ಅವರಿಗೆ ಬಾಯಿಪಾಠವಾಗಿತ್ತು. ಅವನು ಕೂತ ಜಾಗ ಬದಲಿಸುತ್ತಿರಲಿಲ್ಲ. ಏಟು ತಪ್ಪಿದರೆ ಸಿಟ್ಟಿನಲ್ಲಿ ಎಸೆಯದೆ, ಕಲ್ಲನ್ನು ತಿರುಗಿಸಿ ಮತ್ತೆ ನೋಡುತ್ತಿದ್ದ. ಮೇಲಿನ ಪದರದ ಚಕ್ಕೆಗಳಲ್ಲಿ ಏಟು ಸಡಿಲ; ಕೈಗೆ ಪೆಟ್ಟಾಗಿದ್ದಿರಬೇಕು.

"ಹೆಬ್ಬಟ್ಟ ಜಜ್ಜಿತ್ತು," ಅಂದಳು ಮುತ್ತವ್ವ. "ಅವ ತೀರಿ ಹೋಗಿ ಹದಿನೆಂಟು ವರ್ಷಾತರಿ. ಒಂದು ಫೋಟೋ ಸೈತ ಇಲ್ಲ ನನ್ನ ಕಡೆ."

ಅಷ್ಟರಲ್ಲಿ ಜೀಪು ಬಂತು. ಗುರುಬಸಪ್ಪನವರು ಏದುಸಿರು ಬಿಡುತ್ತ ದಿಬ್ಬ ಹತ್ತಿ, ಗುಂಡಿಗಿಳಿದು, ಅಂಚಿನಿಂದ ಒಂದು ಚಕ್ಕೆ ಬಿಡಿಸಿ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಂಬದೆಯೇ ಬಂದಿದ್ದೆ ಎಂದು ಒಪ್ಪಿಕೊಂಡರು. ಐದನೆಯ ಅಧ್ಯಾಯವನ್ನು ಎರಡು ಸಲ ಓದಿದೆ, ಇಷ್ಟು ವರ್ಷ ನಿಮಗೆ ಅನ್ಯಾಯವಾಗಿದೆ ಎಂದರು. ಇವರು ಇಪ್ಪತ್ತೆರಡು ವರ್ಷ ಕಾದ ಮಾತು ಅದು. ಬಸವರಾಜೇಶ್ವರಿ ಮುತ್ತವ್ವನ ಕಡೆ ತಿರುಗಿದರು.

ಮುತ್ತವ್ವ ಕೊಟ್ಟ ಮಾತಿನಂತೆ ಬಾಯಿಗೆ ಸೆರಗು ಒತ್ತಿಕೊಂಡು ದೂರ ನಿಂತಿದ್ದಳು. ಅವಳ ಕಣ್ಣು ಮಾತ್ರ ಪ್ರೊಫೆಸರರ ಕೈಯ ಚಕ್ಕೆಯನ್ನು ಬಿಟ್ಟು ಕದಲಿರಲಿಲ್ಲ.

"ಸಾರ್," ಅಂದರು ಬಸವರಾಜೇಶ್ವರಿ. "ಇವರು ಮುತ್ತವ್ವ ಅಂತ. ಅದನ್ನ ಮಾಡಿದ್ದು ಇವರ ಯಜಮಾನರು."

ಗುರುಬಸಪ್ಪನವರು ನಗಲು ಹೋಗಿ, ಬಸವರಾಜೇಶ್ವರಿಯವರ ಮುಖ ನೋಡಿ ನಿಲ್ಲಿಸಿದರು. ಮುತ್ತವ್ವ ಹತ್ತಿರ ಬಂದಳು. ಕೈಗಳ ಮಣ್ಣನ್ನು ಸೀರೆಗೆ ಒರೆಸಿಕೊಂಡು, ಎರಡನ್ನೂ ಬೊಗಸೆಯಾಗಿಸಿ, ಆ ಚಕ್ಕೆಗಾಗಿ ಪ್ರೊಫೆಸರರ ಮುಂದೆ ಚಾಚಿದಳು.